ಟ್ವಿಸ್ಟ್ ಅರ್ಧಕ್ಕೇ ನಿಲ್ಲುತ್ತಿದ್ದರೆ

ಜಿಮ್ನಾಸ್ಟಿಕ್ಸ್ ಮಾಡುವ 14 ವರ್ಷದ ಮಗಳು, ಮೂರು ವರ್ಷದಿಂದ ಸಲೀಸಾಗಿ ಬರುತ್ತಿದ್ದ ಟ್ವಿಸ್ಟನ್ನು (ಜಿಗಿದಾಗ ಗಾಳಿಯಲ್ಲಿ ಮೈ ತಿರುಗಿಸುವ ಸುತ್ತು) ಈಗ ಅರ್ಧಕ್ಕೇ ಬಿಡುತ್ತಾಳೆ, ಇದು ಸೋಮಾರಿತನವಾ ಅಂತ ಕೇಳಿದ್ದಿರಿ. ಸೋಮಾರಿತನ ಅಲ್ಲ, ಬಹುಶಃ ಟ್ವಿಸ್ಟೀಸ್. ಬರುತ್ತಿದ್ದ ಟ್ವಿಸ್ಟ್ ಹೀಗೆ ಅರ್ಧಕ್ಕೇ ನಿಲ್ಲುವುದೇ ಅದರ ಗುರುತು. ಗಾಳಿಯಲ್ಲಿ ತಾನು ಎಲ್ಲಿದ್ದೇನೆ ಅನ್ನೋದೇ ತಿಳಿಯುವುದಿಲ್ಲ. ತಲೆಸುತ್ತು ಇದ್ದರೆ, ಈಚೆಗೆ ತಲೆಗೆ ಪೆಟ್ಟು ಬಿದ್ದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಇವತ್ತಿನಿಂದಲೇ ಗಟ್ಟಿ ನೆಲದ ಮೇಲೆ ಟ್ವಿಸ್ಟ್ ಬೇಡ. ಹಾಗಂತ ಸುಮ್ನೆ ಮನೆಯಲ್ಲಿ ಕೂರಿಸಬೇಡಿ, ಟ್ವಿಸ್ಟ್ ಇಲ್ಲದ್ದನ್ನು ಮಾಡಲಿ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ವಾಲ್ಟ್‌ನಲ್ಲಿ (ಓಡಿ ಬಂದು ಮೇಜಿನಂಥ ಸಾಧನದ ಮೇಲಿಂದ ಹಾರುವುದು) ಎರಡೂವರೆ ಸುತ್ತಿನ ಬದಲು ಒಂದೂವರೆಗೇ ಇಳಿದು, ತಂಡದ ಫೈನಲ್‌ನಿಂದ ಹೊರಬಂದರು. ವಾರದ ನಂತರ ಬೀಮ್‌ನ (ಕಿರಿದಾದ ಎತ್ತರದ ಪಟ್ಟಿ) ಕೊನೆಯ ಜಿಗಿತದಲ್ಲಿ ಟ್ವಿಸ್ಟನ್ನೇ ಕೈಬಿಟ್ಟು ಕಂಚು ಗೆದ್ದರು.

ಆಮೇಲೆ ಫೋಮ್ ಪಿಟ್‌ಗೆ (ಮೆತ್ತನೆಯ ಫೋಮ್ ತುಂಡು ತುಂಬಿದ ಗುಂಡಿ) ನೇರ ಜಿಗಿತ, ಅದು ಹೆದರಿಕೆಯಿಲ್ಲದೆ ಬಂದರೆ ಅರ್ಧ ಸುತ್ತು, ಮತ್ತೆ ಒಂದು. ಇದೇ ತೊಂದರೆಯಾಗಿದ್ದ ನಮ್ಮ ಹುಡುಗಿ ಫೋಮ್‌ನಿಂದ ತಲೆ ಎತ್ತಿದ ಕೂಡಲೇ ಗಾಳಿಯಲ್ಲಿ ಕಂಡದ್ದನ್ನು ಹೇಳಬೇಕಿತ್ತು: ಕಿಟಕಿ, ನೀಲಿ ಮ್ಯಾಟ್, ಹೀಗೆ. ಹೇಳಲು ಬರದಿದ್ದರೆ ಒಂದು ಹಂತ ವಾಪಸ್.

ಎಷ್ಟು ದಿನ ಬೇಕು ಅಂತ ಯಾರೂ ಖಚಿತವಾಗಿ ಹೇಳಲಾರರು. ನಮಗೆ ನಾಲ್ಕು ತಿಂಗಳು ಹಿಡಿಯಿತು. ಬೈಲ್ಸ್ ಮತ್ತೆ ಸ್ಪರ್ಧೆಗೆ ಇಳಿದದ್ದು 2023ರಲ್ಲಿ. ಮುಂದಿನ ತಿಂಗಳ ಸ್ಪರ್ಧೆಗೆ ಹೋಗಲೇಬೇಕು ಅಂದರೆ ಟ್ವಿಸ್ಟ್ ಇಲ್ಲದ ರೂಟೀನ್ ಕೊಡಲು ಕೋಚ್‌ಗೆ ಈಗಲೇ ಹೇಳಿ. ಒಪ್ಪದಿದ್ದರೆ ಹೆಸರು ವಾಪಸ್ ತೆಗೆಯಿರಿ.