ಮೇಷ್ಟ್ರಿಗೆ ಕಾಣದ ಇಲಿಮರಿಗಳು

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ‘ಆರು ತಿಂಗಳು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದೆ. ಎರಡನೇ ಕ್ಲಾಸಿನ ಮೊಮ್ಮಗಳ ಶಾಲೆಯಲ್ಲಿ ಮಕ್ಕಳ ಪುಸ್ತಕದ ಚಿತ್ರಗಳಿಗೆ ಕೊಡುವ ಕಾಲ್ಡೆಕಾಟ್ ಪದಕ ಪಡೆದ ಹಳೆಯ ಚಿತ್ರಪುಸ್ತಕಗಳನ್ನೆಲ್ಲ ಹರಡಿ ಹಬ್ಬ ಮಾಡಿದರು. ಮಕ್ಕಳೇ ಓಟು ಹಾಕಿ, ಗೆದ್ದ ಪುಸ್ತಕಕ್ಕೆ ರಟ್ಟಿನ ಪದಕ ಅಂಟಿಸಿದರು. ಗೆದ್ದದ್ದು ಸಿಂಹ ಮತ್ತು ಇಲಿಯ ಕತೆ. ಒಳಗೆ ಒಂದು ವಾಕ್ಯವೂ ಇಲ್ಲ! ‘ತಾತ, ಇಲಿಗೆ ಮರಿಗಳಿವೆ, ನೋಡಿದ್ಯಾ?’ ಅಂದಳು ಮೊಮ್ಮಗಳು. ನನಗೆ ಕಂಡಿರಲಿಲ್ಲ. ಅದಿರಲಿ, ಅಕ್ಷರವೇ ಇಲ್ಲದ ಪುಸ್ತಕಕ್ಕೆ ಇಷ್ಟು ಸಂಭ್ರಮವೇ? ಏಳು ವರ್ಷದವರಿಗೆ ತೀರ್ಪು ಕೊಡಲು ಏನು ಗೊತ್ತು?’

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ‘ಅದಿರಲಿ’ ಅಂತ ಒಂದು ಮಾತಿದೆ. ನನ್ನ ತಕರಾರೆಲ್ಲ ಅದರ ಮೇಲೆ.

ಮಕ್ಕಳಿಗೆ ಕಾಗುಣಿತ ಬೇಕು, ಒಪ್ಪಿದೆ. ಓಟು ಅಂದರೆ ನಾಯಿಮರಿ ಇರುವ ಪುಸ್ತಕಕ್ಕೇ ಜಾಸ್ತಿ ಬಿದ್ದೀತು, ಅದೂ ನಿಜ. ಬೀಳಲಿ ಬಿಡಿ. ದೊಡ್ಡವರ ಆಯ್ಕೆ ಸಮಿತಿಗಳಲ್ಲಿ ಏನು ನೋಡಿ ಓಟು ಬೀಳುತ್ತದೆ ಅನ್ನುವುದನ್ನು ನನ್ನ ಬಾಯಲ್ಲಿ ಹೇಳಿಸಬೇಡಿ.

ನೀವು ನೋಡಿದ್ದು ಚಿತ್ರಕಾರ ಜೆರ್ರಿ ಪಿಂಕ್ನಿ ಅವರ ಪುಸ್ತಕ, 2010ರಲ್ಲಿ ಪದಕ ಪಡೆದದ್ದು. ರಕ್ಷಾಪುಟದಲ್ಲಿ ಹೆಸರೂ ಇಲ್ಲ, ಬರೀ ಸಿಂಹದ ಮುಖ. ಒಳಗೆ ಗೂಬೆ, ಇಲಿ, ಸಿಂಹದ ಕೂಗಿನಂಥ ಸದ್ದುಗಳು ಬಿಟ್ಟರೆ ಬೇರೆ ಮಾತಿಲ್ಲ. ನಾವು ಶಾಲೆಯಲ್ಲಿ ಈ ಕತೆಯನ್ನು ನೀತಿ ಸಮೇತ ಬಾಯಿಪಾಠ ಮಾಡಿದವರು. ಆ ಇಲಿಗೆ ಮನೆ ಇರಬಹುದು, ಗೂಡಿನಲ್ಲಿ ಮರಿಗಳು ಕಾಯುತ್ತಿರಬಹುದು ಅಂತ ಒಂದು ದಿನವೂ ಹೊಳೆಯಲಿಲ್ಲ, ಅಲ್ವಾ? ಪಿಂಕ್ನಿ ಅದನ್ನು ಬರೆದು ಹೇಳಲಿಲ್ಲ, ಬಿಡಿಸಿಟ್ಟರು. ನಿಮ್ಮ ಮೊಮ್ಮಗಳು ಓದಿದಳು. ನೀವು ಪುಟ ಮಗುಚಿದಿರಿ. ಕೋಪ ಮಾಡಿಕೊಳ್ಳಬೇಡಿ, ನಲವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದವರು ಅಂತ ಸಲಿಗೆಯಿಂದ ಹೇಳುತ್ತಿದ್ದೇನೆ.

ಈ ಪದಕ 1938ರಿಂದ ಇದೆ. ಕೊಡುವವರು ಅಮೆರಿಕದ ಗ್ರಂಥಪಾಲಕರು. ಮಕ್ಕಳ ಪುಸ್ತಕ ಬರೆದವರಿಗೆ ಅಲ್ಲಿ 1922ರಿಂದಲೇ ನ್ಯೂಬೆರಿ ಪದಕವಿತ್ತು. ಇದು ಚಿತ್ರ ಬರೆದವರಿಗೆ ಮಾತ್ರ. ಹೆಸರು ಇಂಗ್ಲೆಂಡಿನ ಚಿತ್ರಕಾರ ರ‍್ಯಾಂಡಾಲ್ಫ್ ಕಾಲ್ಡೆಕಾಟ್ ಅವರದು. ಪದಕದ ಮೇಲೆ ದಿಕ್ಕೆಟ್ಟು ಓಡುವ ಕುದುರೆ, ಅದರ ಮೇಲೊಬ್ಬ ಸವಾರ. ಆ ಚಿತ್ರವೂ ಅವರದೇ.

ನಮ್ಮಲ್ಲಿ? ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಸಂತೋಷ. ಆದರೆ ಅದು ಬರೆದವರಿಗೆ, ಬಿಡಿಸಿದವರಿಗಲ್ಲ. ಚಂದಮಾಮ ಓದಿ ಬೆಳೆದವರನ್ನು ಕೇಳಿ ನೋಡಿ. ಬೇತಾಳನ ಒಂದು ಕತೆಯೂ ಪೂರ್ತಿ ನೆನಪಿರುವುದಿಲ್ಲ. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಕತ್ತಲಲ್ಲಿ ನಡೆಯುವ ವಿಕ್ರಮ ಮಾತ್ರ ಕಣ್ಣಿಗೆ ಕಟ್ಟಿದಂತಿರುತ್ತಾನೆ. ಆ ಚಿತ್ರ ಬಿಡಿಸಿದವರು ಶಂಕರ್. 2020ರಲ್ಲಿ ತೀರಿಕೊಂಡಾಗ ಎಷ್ಟು ಜನಕ್ಕೆ ಆ ಹೆಸರು ಗೊತ್ತಿತ್ತು?

ಒಮ್ಮೆ ಒಂದು ಹಳ್ಳಿ ಶಾಲೆಗೆ ಹೋಗಿದ್ದೆ. ಚಿತ್ರಪುಸ್ತಕ ಇವೆಯಾ ಅಂದೆ. ಬೇಕಾದಷ್ಟಿವೆ ಅಂದರು. ಬೀರುವಿಗೆ ಬೀಗ. ‘ಕೊಟ್ಟರೆ ಮಕ್ಕಳು ಹರೀತಾರೆ ಸಾರ್.’ ಬೀಗ ತೆಗೆಸಿದರೆ ಒಂದೊಂದೂ ಹೊಸ ನೋಟಿನ ಹಾಗೆ ಗರಿಗರಿ. ಕಿಟಕಿಯಲ್ಲಿ ಏಳೆಂಟು ಮುಖಗಳು ಇಣುಕುತ್ತಿದ್ದವು. ಆ ಮಕ್ಕಳ ಮುಂದೆ ಒಂದು ಶನಿವಾರ ಹತ್ತು ಪುಸ್ತಕ ಹರಡಿ, ‘ಯಾವುದು ಚೆನ್ನಾಗಿದೆ, ಯಾಕೆ?’ ಅಂತ ಕೇಳುವುದಕ್ಕೆ ಅಮೆರಿಕ ಬೇಕಿಲ್ಲ. ರಟ್ಟು, ಅಂಟು, ಕತ್ತರಿ ಸಾಕು.

ಊರವರನ್ನೆಲ್ಲ ಬೈದು ನಾನು ಸುಮ್ನೆ ಜಾರಿಕೊಂಡರೆ ತಪ್ಪಾಗುತ್ತದೆ. ದೀಪಾವಳಿ ಸಂಚಿಕೆಯ ಕತೆಗಾರರಿಗೆ ನಾವು ಮೂರು ತಿಂಗಳು ಮೊದಲೇ ಪತ್ರ ಬರೆಯುತ್ತೇವೆ. ಕಲಾವಿದರಿಗೆ ಹಿಂದಿನ ರಾತ್ರಿ ಫೋನು: ‘ಬೆಳಿಗ್ಗೆ ಹತ್ತಕ್ಕೆ ಎರಡು ಚಿತ್ರ ಬೇಕು, ಏನಾದರೂ ಮಾಡಿ.’ ಸಂಭಾವನೆಯ ವಿಷಯ ಎತ್ತದಿರುವುದೇ ಮೇಲು. ಮುಂದಿನ ತಿಂಗಳಿಂದ ಮಕ್ಕಳ ಪುಟದಲ್ಲಿ ಚಿತ್ರ ಬರೆದವರ ಹೆಸರೂ ಕತೆ ಬರೆದವರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಇರುತ್ತದೆ.

ಅಂದಹಾಗೆ, ಮರಿಗಳು ಎಷ್ಟಿದ್ದವು ಅಂತ ನೀವು ಬರೆಯಲಿಲ್ಲ. ಮೊಮ್ಮಗಳನ್ನು ಕೇಳಿ ತಿಳಿಸಿ.

ಸಂ.