ಹಸುವಿನ ಕುತ್ತಿಗೆಯ ಗಂಟಿನಿಂದ ಶುರು ಮಾಡಿ

ಆತ್ಮೀಯರೇ,

ಅರಕಲಗೂಡಿನಿಂದ ನೀವು ಕಳಿಸಿದ ‘ಲಸಿಕೆಯ ಗೆಳೆಯ ಅಡ್ಜುವಂಟ್’ ಲೇಖನ ಓದಿದೆ. ಅಡ್ಜುವಂಟ್ ಅಂದರೆ ಲಸಿಕೆಯ ಬಲ ಹೆಚ್ಚಿಸಲು ಅದರ ಜೊತೆ ಬೆರೆಸುವ ವಸ್ತು. ಹೀಗೇ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡುವ ಬರಹವೂ ಅಲ್ಲ.

ಮೊದಲ ಎರಡು ಪುಟ ಸುಮ್ನೆ. ಲಸಿಕೆ ವರದಾನ ಅಂತ ಮತ್ತೆ ಹೇಳಬೇಕಾ? ಮೂರನೇ ಪುಟದಲ್ಲಿ ನಿಮ್ಮ ಹಸುವಿಗೆ ಕಾಲುಬಾಯಿ ರೋಗದ ಲಸಿಕೆ ಹಾಕಿಸುತ್ತೀರಿ. ಕುತ್ತಿಗೆಯಲ್ಲಿ ಗಂಟು ಏಳುತ್ತದೆ, ಹಾಲು ಕಡಿಮೆಯಾಗುತ್ತದೆ, ‘ಸೂಜಿ ನೆಟ್ಟಗೆ ಚುಚ್ಚಿಲ್ಲ’ ಅಂತ ಅಮ್ಮ ಗೊಣಗುತ್ತಾರೆ. ಲೇಖನ ಶುರುವಾಗುವುದೇ ಅಲ್ಲಿ. ಆದರೆ ಗಂಟು ಯಾಕೆ ಬಂತು ಅಂತ ನೀವು ಹೇಳಲೇ ಇಲ್ಲ! ಆ ಲಸಿಕೆಯಲ್ಲಿರುವುದು ಸತ್ತ ವೈರಸ್. ಅದನ್ನು ಎಣ್ಣೆಯಲ್ಲಿ ಬೆರೆಸಿರುತ್ತಾರೆ; ಇಲ್ಲಿ ಅಡ್ಜುವಂಟ್ ಆ ಎಣ್ಣೆಯೇ. ಎಣ್ಣೆ ಚುಚ್ಚಿದ ಜಾಗದಲ್ಲೇ ನಿಂತು ಉರಿಯೂತ ಎಬ್ಬಿಸುತ್ತದೆ. ಬಿಳಿ ರಕ್ತಕಣಗಳು ಅಲ್ಲಿಗೆ ಓಡಿಬಂದು, ವೈರಸ್ಸಿನ ಚೂರುಗಳನ್ನು ಹತ್ತಿರದ ದುಗ್ಧಗ್ರಂಥಿಗೆ ಹೊತ್ತೊಯ್ಯುತ್ತವೆ. ಗಂಟು ಕೀವಾದರೆ ಡಾಕ್ಟರಿಗೆ ತೋರಿಸಬೇಕು ಅಂತಲೂ ಒಂದು ಸಾಲು ಇರಲಿ.

‘ಅಡ್ಜುವಂಟ್ ಇಲ್ಲದ ಲಸಿಕೆಯೇ ಇಲ್ಲ’ ಎಂಬ ಸಾಲು ತಪ್ಪು. ಚರ್ಮಗಂಟು ರೋಗ ಬಂದಾಗ ದನಗಳಿಗೆ ಹಾಕಿದ ಮೇಕೆ ಸಿಡುಬಿನ ಲಸಿಕೆಯಲ್ಲಿ ಬಲ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ಅದು ಮೈಯೊಳಗೆ ತಾನೇ ಬೆಳೆದು ಎಚ್ಚರಿಕೆ ಕೊಡುತ್ತದೆ, ಅಡ್ಜುವಂಟ್ ಬೇಕಿಲ್ಲ. ಮಕ್ಕಳ ದಡಾರ ಲಸಿಕೆಯೂ ಹಾಗೇ.

ಇನ್ನು ‘ಸಾರಿಗೆ ಒಗ್ಗರಣೆ ಇದ್ದಂತೆ’ ಅನ್ನುವ ನಿಮ್ಮ ಹೋಲಿಕೆ. ಕೇಳಲು ಚೆಂದ, ಆದರೆ ವಿಷಯವನ್ನು ಕೆಡಿಸುತ್ತದೆ. ಅಡ್ಜುವಂಟ್ ಲಸಿಕೆಯ ಬಲ ಜಾಸ್ತಿ ಮಾಡುತ್ತದೆ, ನಿಜ. ಅದರ ಜೊತೆಗೆ ದೇಹ ಯಾವ ಬಗೆಯಲ್ಲಿ ಎದುರು ನಿಲ್ಲಬೇಕು ಅನ್ನುವುದನ್ನೂ ಬದಲಿಸುತ್ತದೆ. ನಿಮ್ಮ ಲೇಖನದಲ್ಲಿ ಇಲ್ಲದಿರುವುದು ಇದೇ. 1926ರಲ್ಲಿ ಬ್ರಿಟಿಷ್ ವಿಜ್ಞಾನಿ ಗ್ಲೆನಿ ತೋರಿಸಿಕೊಟ್ಟ ಅಡ್ಜುವಂಟ್ ಆದ ಅಲ್ಯುಮಿನಿಯಂ ಲವಣವು, ರೋಗಾಣುವಿಗೆ ಅಂಟಿ ತಡೆಯುವ ಪ್ರತಿಕಾಯಗಳನ್ನು ಚೆನ್ನಾಗಿ ಹುಟ್ಟಿಸುತ್ತದೆ. ಆದರೆ ವೈರಸ್ ಹೊಕ್ಕ ಜೀವಕೋಶವನ್ನು ಕೊಲ್ಲುವ ಟಿ ಕಣಗಳನ್ನು ಅಷ್ಟಾಗಿ ಕೆರಳಿಸುವುದಿಲ್ಲ. ಕೋವಿಡ್ ಲಸಿಕೆ ಕೋವ್ಯಾಕ್ಸಿನ್‌ನಲ್ಲಿ ಈ ಲವಣದ ಜೊತೆ, ರೋಗಾಣುವಿನ ಸುಳಿವು ಹಿಡಿಯುವ ಟಿಎಲ್‌ಆರ್ 7 ಮತ್ತು 8 ಎಂಬ ಗ್ರಾಹಕಗಳನ್ನು ಕೆಣಕುವ ಅಣುವನ್ನೂ ಸೇರಿಸಿದ್ದು ಟಿ ಕಣಗಳ ಕಡೆಗೂ ಒತ್ತು ಸಿಗಲಿ ಅಂತ. ಸರ್ಪಸುತ್ತಿನ ಶಿಂಗ್ರಿಕ್ಸ್ ಲಸಿಕೆಯನ್ನು ನೀವು ಮುಟ್ಟಿಯೇ ಇಲ್ಲ. ಅದರ ಅಡ್ಜುವಂಟ್‌ನಲ್ಲಿ ಚಿಲಿ ದೇಶದ ಮರದ ತೊಗಟೆಯಿಂದ ತೆಗೆದ, ಸೋಪಿನಂತೆ ನೊರೆ ಬರುವ ಸಪೋನಿನ್ ಇದೆ. 50 ವರ್ಷ ದಾಟಿದವರ ಮೇಲಿನ ಪ್ರಯೋಗದಲ್ಲಿ ಶೇ 97ರಷ್ಟು ರಕ್ಷಣೆ ಸಿಕ್ಕಿತು. ವಯಸ್ಸಾದವರಲ್ಲಿ ಲಸಿಕೆ ಸಾಮಾನ್ಯವಾಗಿ ಮಂದ, ಅಲ್ವಾ? ಹಾಗಾಗಿ ಇದಕ್ಕೆ ಒಂದು ಪ್ಯಾರಾ ಕೊಡಿ.

ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಯಾರಿಗಾದರೂ ಒಮ್ಮೆ ತೋರಿಸಿ, ಆಮೇಲೆ ಕಳಿಸಿ. 600 ಪದ ಸಾಕು.

ಇಂತಿ,
ಸಂಪಾದಕ