ಕಲಬುರಗಿಯಲ್ಲಿ ಹಳೆ ಮನೆ ಮಾರಿ ಪ್ಲಾಟ್ ತಗೊಳ್ಳೋಕೆ ಇದು ಸರಿಯಾದ ಸಮಯವಾ?

ನೀವು ಬೆಂಗಳೂರಿನಲ್ಲಿದ್ದೀರಿ. ಬ್ರಹ್ಮಪುರದಲ್ಲಿ ತಂದೆಯವರ ಹಳೆ ಮನೆ ಇದೆ. ಅದನ್ನು ಮಾರಿ ಸೇಡಂ ರಸ್ತೆ ಕಡೆ ಪ್ಲಾಟ್ ತಗೊಂಡು ಮನೆ ಕಟ್ಟಬೇಕು ಅಂತಿದ್ದೀರಿ. ರೇಟ್ ಏರ್ತಿದೆಯಾ, ಇಳೀತಿದೆಯಾ, ಈಗ ಕೈ ಹಾಕಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಇದೇ ಊರಿನ ಸಿವಿಲ್ ಇಂಜಿನಿಯರ್. ಮನೆ ಪ್ಲಾನು, ಎಸ್ಟಿಮೇಟು, ಬ್ಯಾಂಕ್ ಸಾಲಕ್ಕೆ ಬೇಕಾಗುವ ವ್ಯಾಲ್ಯುಯೇಷನ್ ನನ್ನ ಕೆಲಸ. ಮೊದಲು ಒಂದು ಮಾತು ಹೇಳಿಬಿಡ್ತೀನಿ. ನೀವು ಮಾರುವ ಮಾಲು ಬೇರೆ, ಕೊಳ್ಳುವ ಮಾಲು ಬೇರೆ, ಎರಡರ ಗಿರಾಕಿಗಳೂ ಬೇರೆ. ಒಂದು ಏರುವಾಗ ಇನ್ನೊಂದು ಸುಮ್ನೆ ಬಿದ್ದಿರಬಹುದು. ‘ಕಲಬುರಗಿ ರೇಟ್’ ಅಂತ ಒಂದೇ ರೇಟ್ ಹುಡುಕಿದರೆ ತಲೆ ಕೆಡುತ್ತದೆ ಅಷ್ಟೆ. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕದಲ್ಲಿ ಬೆಂಗಳೂರು ಇದೆ, ನಮ್ಮೂರು ಇಲ್ಲ. ಪೇಪರಿನಲ್ಲಿ ‘ಮನೆ ಬೆಲೆ ಏರಿಕೆ’ ಅಂತ ಬಂದರೆ ಅದನ್ನು ಇಲ್ಲಿಗೆ ಎಳೆದು ತರಬೇಡಿ.

ಇಲ್ಲಿ ದುಡ್ಡು ಎರಡು ಕಡೆಯಿಂದ ಬರುತ್ತದೆ. ಒಂದು ಸಂಬಳ. ಹೈಕೋರ್ಟ್ ಪೀಠ, ವಿದ್ಯುತ್ ಕೊಡುವ ಜೆಸ್ಕಾಂ ಮತ್ತು ಸಾರಿಗೆ ನಿಗಮದ ಕೇಂದ್ರ ಕಚೇರಿಗಳು, ವಿಶ್ವವಿದ್ಯಾಲಯ, ಇಎಸ್‌ಐ, ಜಯದೇವ ಆಸ್ಪತ್ರೆ ಇವೆಲ್ಲ ಇರುವುದರಿಂದ ಸಂಬಳದವರು ಜಾಸ್ತಿ. ಇವರು ಸಾಲ ಮಾಡಿ ಕಟ್ಟಿದ ಮನೆ ಕೊಳ್ಳುತ್ತಾರೆ. 2024ರ ಆಗಸ್ಟ್‌ನಿಂದ ರಾಜ್ಯದ 7ನೇ ವೇತನ ಆಯೋಗದ ಸಂಬಳ ಬಂತು. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ. 6.5ರಿಂದ 5.25ಕ್ಕೆ ಇಳಿಸಿತು, ಮನೆ ಸಾಲವೂ ಅಗ್ಗವಾಯಿತು. ಅದಕ್ಕೇ ಕಾಗದ ಪತ್ರ ಸರಿ ಇರುವ, ಕಾರ್ ನಿಲ್ಲಿಸಲು ಜಾಗ ಇರುವ ಮನೆಗೆ ಗಿರಾಕಿ ಸಿಗುತ್ತಾರೆ.

ಇನ್ನೊಂದು ತೊಗರಿ. ಡಿಸೆಂಬರ್‌ನಿಂದ ರಾಶಿ ಶುರು, ಸಂಕ್ರಾಂತಿ ದಾಟಿದ ಮೇಲೆ ಅಡತ್ ಅಂಗಡಿಯಿಂದ (ದಲ್ಲಾಳಿ ಮಂಡಿ) ರೈತರ ಕೈಗೆ ದುಡ್ಡು. ಜೇವರ್ಗಿ, ಆಳಂದ, ಅಫಜಲಪುರ ಕಡೆಯವರು ಮಕ್ಕಳ ಓದಿಗೆ ಅಂತ ಸಿಟಿಯಲ್ಲಿ ಪ್ಲಾಟ್ ಹಿಡಿಯುವುದು ಈ ದುಡ್ಡಿನಲ್ಲೇ. ಯುಗಾದಿ, ಅಕ್ಷಯ ತೃತೀಯದವರೆಗೆ ಪ್ಲಾಟಿನ ಮಾತು ಜೋರಾಗಿರುತ್ತದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ತಣ್ಣಗಾಗುತ್ತದೆ. ತೊಗರಿಗೆ ಗಿಡ ಒಣಗಿಸುವ ನೆಟೆ ರೋಗ ಬಿದ್ದ ವರ್ಷ ಅಥವಾ ಮಳೆ ಕೆಟ್ಟ ವರ್ಷ ಪ್ಲಾಟ್ ಮಾರುವವರು ಜಾಸ್ತಿ, ಕೊಳ್ಳುವವರು ಕಡಿಮೆ. ಚೌಕಾಸಿ ಮಾಡಲು ನಿಮಗೆ ಆಗ ಬಲ ಇರುತ್ತದೆ.

ಈಗ ಸೇಡಂ ರಸ್ತೆ. ಅಲ್ಲಿ ಕಾಲಿಟ್ಟರೆ ಏಜೆಂಟ್ ಹೇಳುವ ಮಾತು ಒಂದೇ: “ಸರ್, ಏರ್‌ಪೋರ್ಟ್ ರೋಡ್ ಅದ, ಎರಡು ವರ್ಷದಾಗ ಡಬಲ್ ಆಗ್ತದ್ರಿ.” ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದದ್ದು 2008ರಲ್ಲಿ, ಉದ್ಘಾಟನೆ ಆಗಿದ್ದು 2019ರ ನವೆಂಬರ್ 22ಕ್ಕೆ. ಅದರ ಹೆಸರು ನಂಬಿ ಮೊದಲೇ ಜಾಗ ಹಿಡಿದವರು ಹನ್ನೊಂದು ವರ್ಷ ಕಾದರು. ಈಗ ಪಿಎಂ ಮಿತ್ರ ಜವಳಿ ಪಾರ್ಕ್, ಸೂರತ್–ಚೆನ್ನೈ ಹೆದ್ದಾರಿ ಅಂತ ಹೊಸ ಹೆಸರುಗಳು ಬಂದಿವೆ. ಯೋಜನೆಗಳು ನಿಜ. ಆದರೆ ಮುಗಿಯುವ ಹೊತ್ತಿಗೆ ಬರಬೇಕಾದ ರೇಟನ್ನು ಇವತ್ತೇ ಕೇಳುತ್ತಿದ್ದಾರೆ, ಅದನ್ನು ನೀವು ಯಾಕೆ ಕೊಡಬೇಕು?

ಮತ್ತೆ ಖರ್ಚು ನೋಡಿ. 30 ಲಕ್ಷದ ಪ್ಲಾಟಿಗೆ ಮುದ್ರಾಂಕ ಶುಲ್ಕ ಶೇ. 5, ಅಂದರೆ ಒಂದೂವರೆ ಲಕ್ಷ. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 18 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ, ಅದು 60 ಸಾವಿರ. ಒಟ್ಟು 2 ಲಕ್ಷ 28 ಸಾವಿರ. ಪ್ಲಾಟಿನ ಬೆಲೆ ಶೇ. 7.6 ಏರಿದ ಮೇಲೆಯೇ ನಿಮ್ಮ ಹಾಕಿದ ದುಡ್ಡು ನಿಮಗೆ ಬಂದಂತೆ. ಏಜೆಂಟ್ ಕಮಿಷನ್ ಬೇರೆ.

ಹಾಗಾದರೆ ನಿಜವಾದ ರೇಟ್ ಗೊತ್ತಾಗುವುದು ಹೇಗೆ? ನಾನು ಬಾಯಿ ಮಾತಿಗಿಂತ ಇಸಿಯನ್ನು, ಅಂದರೆ ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರವನ್ನು, ನಂಬುತ್ತೇನೆ. ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ ಅದೇ ಲೇಔಟಿನ ನಾಲ್ಕೈದು ಪ್ಲಾಟುಗಳ ಇಸಿ ತೆಗೆಸಿ. ಯಾವಾಗ ಕೈ ಬದಲಾಗಿದೆ, ಎಷ್ಟು ಮೊತ್ತಕ್ಕೆ ಅಂತ ಅದರಲ್ಲಿ ಇರುತ್ತದೆ. ಕಾಗದದಲ್ಲಿ ಕಡಿಮೆ ತೋರಿಸುವವರು ಇದ್ದೇ ಇದ್ದಾರೆ, ಹಾಗಾಗಿ ಮೊತ್ತವನ್ನೇ ನಂಬಬೇಡಿ. ಒಂದು ಪ್ಲಾಟ್ ಎಷ್ಟು ಸಲ, ಯಾರಿಂದ ಯಾರಿಗೆ ಹೋಗಿದೆ ನೋಡಿ. ಐದಾರು ವರ್ಷದಲ್ಲಿ ಮೂರು ಕೈ ಬದಲಾಗಿ ಒಂದು ಇಟ್ಟಿಗೆಯೂ ಬಿದ್ದಿಲ್ಲ ಅಂದರೆ, ಅಲ್ಲಿ ಇರುವುದು ವ್ಯಾಪಾರಿಗಳು ಮಾತ್ರ.

ಆಮೇಲೆ ಸಂಜೆ ಏಳೂವರೆಗೆ ಆ ಲೇಔಟಿಗೆ ಹೋಗಿ. ಹಗಲಲ್ಲಿ ಎಲ್ಲ ಲೇಔಟೂ ಚೆಂದ. ಕಮಾನು, ಬಣ್ಣ ಬಳಿದ ಕಲ್ಲು, ಡಾಂಬರು ರಸ್ತೆ. ಸಂಜೆ ನೋಡಿದರೆ ಕಂಬ ಇದೆ, ತಂತಿ ಇಲ್ಲ. ಚರಂಡಿ ಇದೆ, ಅದು ಮುಂದೆ ಜೋಳದ ಹೊಲಕ್ಕೆ ಹೋಗಿ ನಿಂತಿದೆ. ಎಷ್ಟು ಮನೆಯಲ್ಲಿ ದೀಪ ಇದೆ, ಕಿರಾಣಿ ಅಂಗಡಿ ಒಂದಾದರೂ ತೆರೆದಿದೆಯಾ, ಮಹಿಳೆಯರು ಹೊರಗೆ ಓಡಾಡುತ್ತಿದ್ದಾರಾ ನೋಡಿ. ಅಲ್ಲಿರುವ ಒಬ್ಬರನ್ನು ಏಪ್ರಿಲ್‌ನಲ್ಲಿ ನೀರು ಹೇಗೆ ಅಂತ ಕೇಳಿ. ಟ್ಯಾಂಕರ್ ಅಂದರೆ ಅದನ್ನು ರೇಟಿನಲ್ಲಿ ಇಳಿಸಿಕೊಳ್ಳಿ.

ನೆಲವನ್ನೂ ನೋಡಿ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಎರೆ ಆಳವಾಗಿದ್ದರೆ ಪಾಯಕ್ಕೆ ಜಾಸ್ತಿ ದುಡ್ಡು ಬೇಕು. ಸ್ವಲ್ಪ ಕೆಳಗೇ ಪರಸಿ ಕಲ್ಲು (ಹಾಸುಬಂಡೆ) ಸಿಕ್ಕರೆ ಪಾಯದ ಖರ್ಚು ಹಗುರ, ಬೋರ್‌ವೆಲ್ ಹೇಗೋ ಏನೋ. ಪಕ್ಕದಲ್ಲಿ ಯಾರಾದರೂ ಪಾಯ ತೋಡುತ್ತಿದ್ದರೆ ಹೋಗಿ ನಿಂತು ನೋಡಿ. ಚದರಡಿಗೆ ನೂರು ರೂಪಾಯಿ ಅಗ್ಗ ಸಿಕ್ಕಿತು ಅಂತ ಖುಷಿಪಟ್ಟು ಪಾಯದಲ್ಲಿ ಅದಕ್ಕಿಂತ ಜಾಸ್ತಿ ಹೂತವರನ್ನು ನಾನು ನೋಡಿದ್ದೇನೆ.

ಕಾಗದದ ವಿಷಯ ಚುಟುಕಾಗಿ ಹೇಳ್ತೀನಿ. ಎನ್‌ಎ (ಕೃಷಿಯೇತರ) ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ಲೇಔಟ್ ಮಂಜೂರಾತಿ, ಈ-ಖಾತೆ (ಆನ್‌ಲೈನ್ ಖಾತೆ) ಮೂರೂ ಬೇಕು. 500 ಚದರ ಮೀಟರ್ ದಾಟಿದ ಹೊಸ ಲೇಔಟಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರಲೇಬೇಕು. ನಮ್ಮದು ನಿಜಾಮರ ಸೀಮೆ. ಇನಾಂ (ಹಿಂದೆ ದಾನವಾಗಿ ಕೊಟ್ಟ) ಜಮೀನು, ಗೇಣಿ ಜಮೀನಿನ ತಕರಾರು ಇನ್ನೂ ಮುಗಿದಿಲ್ಲ. ಆದ್ದರಿಂದ ವಕೀಲರಿಗೆ 1954-55ರ ಖಾಸ್ರಾ ಪಹಣಿ ಅನ್ನುವ ಹಳೆ ಜಮೀನು ದಾಖಲೆಯಿಂದಲೇ ನೋಡಲು ಹೇಳಿ. ಮೂವತ್ತು ವರ್ಷದ ಇಸಿ ಸಾಕು ಅನ್ನುವವರ ಮಾತು ಕೇಳಬೇಡಿ.

ನನಗೆ ಜಾಸ್ತಿ ಚಿಂತೆ ನಿಮ್ಮ ಹಳೆ ಮನೆಯದು. ಬ್ರಹ್ಮಪುರದ ಗಲ್ಲಿಯ ಮನೆಯನ್ನು ಸಾಲ ತಗೊಂಡು ಕೊಳ್ಳುವ ನೌಕರರು ಕಡಿಮೆ. ಕಾರ್ ಹೋಗುವುದಿಲ್ಲ, ಬ್ಯಾಂಕಿನವರು ಹಳೆ ಗೋಡೆಗೆ ಬೆಲೆ ಕಟ್ಟುವುದಿಲ್ಲ. ಅದರ ನಿಜವಾದ ಗಿರಾಕಿ ಪಕ್ಕದ ಮನೆಯವರು ಅಥವಾ ಹತ್ತಿರದ ಅಂಗಡಿಯವರು. ಗಿರಾಕಿ ಇಬ್ಬರೋ ಮೂವರೋ ಇರುವ ಕಡೆ ಅವಸರ ತೋರಿಸಿದರೆ ರೇಟ್ ಬಿತ್ತು ಅಂತಲೇ. ಮೊದಲು ಅವರ ಹತ್ತಿರವೇ ಕೂತು ಚಹಾ ಕುಡಿದು ಮಾತಾಡಿ, ಏಜೆಂಟ್ ಆಮೇಲೆ.

ತಂದೆಯವರು ಇಲ್ಲದಿದ್ದರೆ ನಿಮ್ಮ ಅಕ್ಕ-ತಂಗಿಯರ ಸಹಿಯೂ ಬೇಕು. ಅವರಿಗೂ ಸಮಪಾಲು ಇದೆ. ಖಾತೆ ಇನ್ನೂ ಹಳೆ ಹೆಸರಿನಲ್ಲಿದ್ದರೆ ವಂಶವೃಕ್ಷ, ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ), ಪಾಲಿಕೆಯ ಈ-ಖಾತೆ ಆಗದೆ ನೋಂದಣಿ ಆಗುವುದಿಲ್ಲ. ಈ ಓಡಾಟಕ್ಕೆ ತಿಂಗಳುಗಳು ಬೇಕು. ಪ್ಲಾಟಿಗೆ ಅಡ್ವಾನ್ಸ್ ಕೊಟ್ಟು ಇಲ್ಲಿ ಮನೆ ಮಾರಾಟ ಆಗದಿದ್ದರೆ ಅಡ್ವಾನ್ಸ್ ಹೋಗುತ್ತದೆ, ಇಲ್ಲವೇ ಮನೆ ಸಿಕ್ಕಿದ ಬೆಲೆಗೆ ಹೋಗುತ್ತದೆ. ಮಾರುವಾಗ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ಮುಟ್ಟಬೇಡಿ, ಆದಾಯ ತೆರಿಗೆಯವರು ತಗೊಂಡ ನಗದಿನಷ್ಟೇ ಮೊತ್ತದ ದಂಡ ಹಾಕಬಹುದು.

ಅದಕ್ಕೇ ನನ್ನ ಸಲಹೆ, ಈ ಮಳೆಗಾಲ ಪೂರ್ತಿ ಹಳೆ ಮನೆಯ ಕಾಗದ ಮಾಡಿಸಿ. ತೊಗರಿ ದುಡ್ಡು ಅಂಗಡಿಯವರ ಕೈಯಲ್ಲೂ ಓಡಾಡುವಾಗ, ಸಂಕ್ರಾಂತಿ ನಂತರ, ಮನೆ ಮಾರಾಟಕ್ಕೆ ಇಡಿ. ಆ ದುಡ್ಡು ಬ್ಯಾಂಕಿನಲ್ಲಿಟ್ಟು ಆಷಾಢದಲ್ಲಿ ಪ್ಲಾಟ್ ಹುಡುಕಿ. ಆಗ ಮಳೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದೂ ಕಣ್ಣಿಗೆ ಕಾಣುತ್ತದೆ. ಮನೆಯ ಖಾತೆ ಸದ್ಯ ಯಾರ ಹೆಸರಿನಲ್ಲಿದೆ, ಮುಂದಿನ ರಸ್ತೆ ಎಷ್ಟು ಅಡಿ ಇದೆ ಅಂತ ಕೆಳಗೆ ಬರೆಯಿರಿ. ಎಷ್ಟು ಕೇಳಬಹುದು ಅಂತ ಒಂದು ಅಂದಾಜು ಹೇಳ್ತೀನಿ.